ಒತ್ತಕ್ಷರಕ್ಕೂ ಜಾಗ ಬೇಕು

ಚಿತ್ರವನ್ನು ತೋರಿಸಿ ಬಾಯಿಮಾತಿನಲ್ಲಿ ವಿವರಿಸುತ್ತಿರುವಾಗ ಅದೇ ಮಾತನ್ನು ಪರದೆಯ ಮೇಲೂ ಬರೆದರೆ ವಿದ್ಯಾರ್ಥಿಯ ಗಮನ ಹಂಚಿಹೋಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪುನರುಕ್ತಿ ತತ್ತ್ವವೆಂದು ವಿವರಿಸಿದ್ದಾರೆ. ಹಂಪಸಾಗರದ ಸುತ್ತಿನ ಪ್ರೌಢಶಾಲೆಯೊಂದರಲ್ಲಿ ಜೌಗು ಪ್ರದೇಶದ ಪಾಠಕ್ಕೆ ಸ್ಲೈಡ್ ಸಿದ್ಧಪಡಿಸುವವರಿಗೆ, ಅದೇ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ, 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಮಾನ್ಯತೆ ಪಡೆದ ಅಂಕಸಮುದ್ರ ಕೆರೆಯ, ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಕುಳಿತಿರುವ ಒಂದೇ ದೊಡ್ಡ ಚಿತ್ರ ಸಾಕು. ಉಳಿದುದನ್ನು ಶಿಕ್ಷಕರ ಮಾತು ಹೇಳಬಲ್ಲದು.

ಕನ್ನಡದ ಸ್ಲೈಡಿಗೆ ಇಂಗ್ಲಿಷ್ ಮಾದರಿಯ ಅಳತೆಗಳು ಹೊಂದುವುದಿಲ್ಲ ಎಂಬುದು ಇನ್ನೂ ಮುಖ್ಯವಾದ ಸಂಗತಿ. 'ಅರ್ಥಶಾಸ್ತ್ರ' ಎಂದು ಬರೆದಾಗ ಕೊನೆಯ ಅಕ್ಷರದಡಿ ಎರಡು ಒತ್ತುಗಳು ಸೇರಿಕೊಳ್ಳುವುದರಿಂದ, ಸಾಲುಗಳ ನಡುವೆ ಹೆಚ್ಚು ಅಂತರ ಬಿಡದಿದ್ದರೆ ಅವು ಕೆಳಗಿನ ಸಾಲಿನ ಗುಣಿತಚಿಹ್ನೆಗಳಿಗೆ ತಾಗಿ, ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳುವ ಕೋಣೆಯಲ್ಲಿ ಹಿಂದಿನ ಬೆಂಚಿನ ಮಗುವಿಗೆ ಅಕ್ಷರವೇ ಗುರುತು ಸಿಗುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದದ್ದಂತೂ, ಆ ಫಾಂಟು ಇಲ್ಲದ ಶಾಲೆಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಯೂನಿಕೋಡಿನಲ್ಲಿಯೇ ಬರೆದು, ಪಿಡಿಎಫ್ ಪ್ರತಿಯೊಂದನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ.