ಅವ್ವ ನೋಡಿದ ಎರಡು ಸಿನೆಮಾ

2022ರ ಡಿಸೆಂಬರಿನಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಮಾಡುವ ಶ್ರೇಷ್ಠ ಸಿನೆಮಾಗಳ ಪಟ್ಟಿ ಬಂತು. ಮೊದಲ ಸ್ಥಾನ 'ಜಾನ್ ಡೀಲ್‌ಮಾನ್'ಗೆ. 1952ರಿಂದ ನಡೆದ ಈ ಎಣಿಕೆಯಲ್ಲಿ ಹೆಂಗಸೊಬ್ಬಳ ಚಿತ್ರ ಮೇಲೆ ಕೂತದ್ದು ಅದೇ ಮೊದಲು. ನಮ್ಮ ಆಫೀಸಿನ ವಾಟ್ಸಪ್ ಗುಂಪಿನಲ್ಲಿ ಗೆಳೆಯನೊಬ್ಬ, 'ಡೈವರ್ಸಿಟಿ ಕೋಟಾದಾಗ ಗೆದ್ದಿದೆ ಬಿಡ್ರಪ್ಪ' ಅಂತ ಹಾಕಿದ. ಕೋಟಾ ಎಂಬ ಶಬ್ದ ನನಗೆ ಬಿಇ ಓದುವಾಗಿನಿಂದ ಪರಿಚಯ. ಇರಲಿ.

ಶನಿವಾರ ಸಿನೆಮಾ ಹಚ್ಚಿದೆ. ರಾಯಬಾಗ ಕಡೆಯ ನಮ್ಮೂರಿಂದ ಅವ್ವ ಬಂದಿದ್ದಳು, ಅವರೆಕಾಯಿ ಸುಲಿಯುತ್ತ ಪಕ್ಕಕ್ಕೆ ಕೂತಳು. ಬ್ರಸೆಲ್ಸಿನ ಒಬ್ಬ ವಿಧವೆ, ಅವಳ ಮೂರು ದಿನ, 201 ನಿಮಿಷ. ಹಾಸಿಗೆ ಮಡಚುತ್ತಾಳೆ, ಬಟಾಟಿ ಸುಲಿಯುತ್ತಾಳೆ. ಕ್ಯಾಮೆರಾ ಅಲುಗಾಡುವುದಿಲ್ಲ, ಬಟಾಟಿ ಸುಲಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾವೂ ಕೂಡಬೇಕು. ಮಧ್ಯಾಹ್ನ ಬಂದು ದುಡ್ಡು ಕೊಟ್ಟು ಹೋಗುವ ಗಂಡಸರ ವಿಷಯ ನಾನು ವಿವರಿಸಲಿಲ್ಲ, ಅವ್ವ ಕೇಳಲೂ ಇಲ್ಲ. ಅವಳು ಕೇಳಿದ್ದು ಬೇರೆ.

"ಅಲ್ಲೋ, ಇಕೀ ಬಾಜೂಕ ಮಂದೀನ ಇಲ್ಲೇನು? ಒಬ್ಬಾಕಿ ಬಂದು ಬಟಾಟಿಗೆ ಕೈ ಹಚ್ಚಬಾರದ?"

ನೆರೆಯವಳೊಬ್ಬಳಿದ್ದಾಳೆ, ಆದರೆ ಬಾಗಿಲಾಚೆಯ ದನಿ ಮಾತ್ರ. ಆ ದನಿ ನಿರ್ದೇಶಕಿ ಶಾಂಟಾಲ್ ಆಕರ್‌ಮನ್ ಅವರದೇ. 1975ರಲ್ಲಿ ಸಿನೆಮಾ ಮೊದಲು ತೆರೆ ಕಂಡಾಗ ಅವರಿಗಿನ್ನೂ 25 ತುಂಬಿರಲಿಲ್ಲ. ತಾಯಿ, ಚಿಕ್ಕಮ್ಮಂದಿರ ಕೈಗೆಲಸ ನೋಡಿ ಬೆಳೆದದ್ದರಿಂದಲೇ ಈ ಚಿತ್ರ ಹುಟ್ಟಿತು ಅಂತ ಅವರು ಹೇಳಿಕೊಂಡಿದ್ದಾರೆ. ಅದು ಕಾಣುತ್ತದೆ ಕೂಡ. ಇದನ್ನು ಜಗತ್ತಿನ ಎಲ್ಲ ಹೆಂಗಸರ ಕಥೆ ಅಂದುಬಿಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ಫ್ಲ್ಯಾಟಿನಲ್ಲಿ ನಮ್ಮವ್ವನಿಗೆ ಜಾಗವೆಲ್ಲಿ?

ಹಂಗೇ ಹುಡುಕುತ್ತ ಹೋದಾಗ ಸಿಕ್ಕದ್ದು 'ತಂಬಾಕು ಚಾಕೀಲಾ ಊಬ ಆಲಿ'. 1982ರದು, ಕಪ್ಪುಬಿಳುಪು, 25 ನಿಮಿಷ. ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ಕ್ಯಾಮೆರಾ ಹಿಡಿದ ನವ್ರೋಜ್ ಕಾಂಟ್ರಾಕ್ಟರ್ ಕೂಡಿ ಕಟ್ಟಿದ್ದ 'ಯುಗಾಂತರ' ತಂಡ ಬೆಂಗಳೂರಿಂದ ಹೋಗಿ, ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಂಗಸರ ಜೊತೆ ನಾಕು ತಿಂಗಳು ಕಳೆದು ಮಾಡಿದ ಚಿತ್ರ. ಮೂರು ಸಾವಿರ ಹೆಂಗಸರು ಸಂಘ ಕಟ್ಟಿದ ಕಥೆ. ನಾನು ಓದಿದ ಕನ್ನಡ ಸಿನೆಮಾ ಪುಸ್ತಕಗಳಲ್ಲಿ ಇದರ ಹೆಸರೇ ಕಂಡಿಲ್ಲ. ಮಾತು ಮರಾಠಿ, ಅದಕ್ಕಿರಬಹುದು. ಹಳೆಯ ಪ್ರತಿಯನ್ನು ಡಿಜಿಟಲ್ ಮಾಡಿ ಉಳಿಸಿದ್ದು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ. ನಮ್ಮ ಮನೆಯಿಂದ ಬಸ್ಸಿನ ದಾರಿಯಲ್ಲಿರೋ ಊರನ್ನು ನಾನು ಯುರೋಪ್ ಸುತ್ತಿ ಬಂದು ನೋಡಬೇಕಾಯಿತು.

ಅವ್ವನ ತವರು ನಿಪ್ಪಾಣಿ ಹತ್ತಿರ. ಲಗ್ನಕ್ಕೆ ಮುಂಚೆ ಎರಡು ವರ್ಷ ಅಲ್ಲಿಯ ಒಂದು ವಖಾರಿಗೆ ಹೋಗುತ್ತಿದ್ದಳು. ಅದರ ಬಗ್ಗೆ ನಮಗೆ ಹೇಳಿದ್ದು ಕೆಮ್ಮಿನ ಸುದ್ದಿ ಬಂದಾಗ ಮಾತ್ರ. ಲ್ಯಾಪ್‌ಟಾಪಿನಲ್ಲಿ ಕಾರ್ಖಾನೆಯ ಒಳಗು ಕಂಡಿದ್ದೇ ತಡ, ಅವರೆಕಾಯಿ ಬುಟ್ಟಿ ಸರಿಸಿದಳು.

"ಮುಖಕ್ಕ ಸೆರಗ ಕಟಗೊಂಡ ಜರಡಿ ಹಿಡೀತಿದ್ವಿ. ಆದ್ರೂ ರಾತ್ರಿ ರೊಟ್ಟಿ ತಿಂದ್ರ ತಂಬಾಕಿನ ರುಚೀನ ಬರ್ತಿತ್ತು."

ಇದನ್ನು ಮೂವತ್ತು ದಾಟಿದ ನಾನು ಅವತ್ತೇ ಮೊದಲು ಕೇಳಿದ್ದು.

ಪರದೆಯೊಳಗಿನ ಹೆಂಗಸರು ಸಭೆಯಲ್ಲಿ ಒಬ್ಬರ ಮೇಲೊಬ್ಬರು ಮಾತಾಡಿದರೆ ಅವ್ವ ಈ ಕಡೆಯಿಂದ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದಳು. ನಮಗೆ ಬೈಯೋದು ಕನ್ನಡದಲ್ಲಿ, ರೊಕ್ಕ ಎಣಿಸೋದು ಮರಾಠಿಯಲ್ಲಿ. ಆಕೆ ಮೊದಲಿನಿಂದಲೂ ಹಾಗೇ. ಇದನ್ನು ಬೆಂಗಳೂರಿನ ಗೆಳೆಯರಿಗೆ ತಿಳಿಸಿ ಹೇಳೋದು ಕಷ್ಟ.

"ಹಿಂದಕ್ಕ ಒಯ್ಯಿ. ಇನ್ನ ಸ್ವಲ್ಪ ಹಿಂದಕ್ಕ. ನಿಲ್ಲಸು."

ಆರು ಸಲ ನಿಲ್ಲಿಸಿದೆ. ಜಾನ್ ಡೀಲ್‌ಮಾನ್ ಒಬ್ಬಳಿಗೆ 201 ನಿಮಿಷ ಸಿಕ್ಕಿದೆ, ಇಲ್ಲಿ ಒಂದು ಮುಖಕ್ಕೆ ಕೆಲವೇ ಸೆಕೆಂಡು. ಅವ್ವ ಆ ಸೆಕೆಂಡುಗಳನ್ನು ಕೈಯಿಂದ ಹಿಡಿದು ಜಗ್ಗುತ್ತಿದ್ದಳು.

"ಇಕೀ ನಮ್ಮ ಓಣ್ಯಾಕಿ... ಅಲ್ಲ, ಬಿಡು."

ಹೊರಗಿನವರು ಬಂದು ತೆಗೆದದ್ದು ಅಂತ ಹೇಳಿದೆ. ಆಕರ್‌ಮನ್ ತನ್ನ ತಾಯಿಯ ಅಡುಗೆಮನೆ ತಾನೇ ತೆಗೆದಳು, ನಿಪ್ಪಾಣಿ ಹೆಂಗಸರ ಮಗಳು ಯಾರೂ ಕ್ಯಾಮೆರಾ ಹಿಡಿಯಲಿಲ್ಲ ಎಂಬ ಕೊರಗು ನನ್ನದು. ಮಗನಾದ ನಾನು ಬ್ಯಾಂಕಿನ ಆ್ಯಪ್ ಬರೆಯುತ್ತ ಕೂತಿದ್ದೇನೆ. ಅವ್ವನಿಗೆ ಆ ಕೊರಗೇನೂ ಇರಲಿಲ್ಲ.

"ಒಳಗ ಹೆಂಗ ಬಿಟ್ಟಾನೋ ಮಾಲಕ!" ಅಂತ ಅಷ್ಟೇ ಅಚ್ಚರಿಪಟ್ಟಳು. ಆಮೇಲೆ, "ನಿಮ್ಮ ಮಾವಶಿ ಮೊಬೈಲಿಗೆ ಕಳಸು ಇದನ್ನ. ಆಕಿಗಿ ನನಗಿಂತ ಚೊಲೋ ನೆನಪ ಐತಿ, ಯಾರ್ ಯಾರು ಅನ್ನೂದ ಹೇಳತಾಳ."

ಕಳಿಸಿದ್ದೇನೆ. ಮಾವಶಿ ಇನ್ನೂ ನೋಡಿಲ್ಲ, ಕಬ್ಬಿನ ಕಟಾವು ನಡೆದಿದೆಯಂತೆ.