ಸೊಕ್ಕಿದ್ದವ ಯಾಣಕ್ಕೆ

ಇಡಗುಂದಿಯವರಿಗೆ ಘಟ್ಟ ಹತ್ತಿಳಿಯುವುದು ಪ್ರವಾಸವಲ್ಲ. ಅಂಕೋಲೆಗೆ ಹೋಗಬೇಕೆಂದರೂ ಅರಬೈಲು ಘಾಟಿ ಇಳಿಯಲೇಬೇಕು. ಆದರೂ ದೀಪಾವಳಿ ರಜೆಗೆ ಮನೆಮಂದಿಯೆಲ್ಲ ಯಾಣಕ್ಕೆ ಹೊರಟೆವು. ಹೊರಡಿಸಿದವನು ಬೆಂಗಳೂರಿನಿಂದ ಬಂದ ಅಣ್ಣನ ಮಗ. ಬಾದಾಮಿಯ ಕೆಂಪು ಮರಳುಗಲ್ಲನ್ನು ಹಗ್ಗ ಕಟ್ಟಿಕೊಂಡು ಹತ್ತಿ ಬಂದವನಿಗೆ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಕಣ್ಣಲ್ಲೇ ಕೂತಿತ್ತು.

ಮಂಡಿನೋವಿನಿಂದ ತೋಟಕ್ಕೂ ಇಳಿಯದ ಅಪ್ಪಯ್ಯ ತಾನೂ ಬರುತ್ತೇನೆಂದ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಹೇಳಿ ಗಾದೆ. ಎಂಗೆ ಸೊಕ್ಕು ಇನ್ನೂ ಇದ್ದು.' ಗಾದೆ ಕಾಲ್ನಡಿಗೆಯ ಕಾಲದ್ದು. ಈಗ ಕಾರು ಬಂಡೆಯ ಹತ್ತಿರಕ್ಕೇ ಹೋಗುತ್ತದೆ. ಉಳಿಯುವುದು ಮೆಟ್ಟಿಲು. ಅವನ್ನು ಅಪ್ಪಯ್ಯ ಕೂತು ಕೂತು ಹತ್ತಿದ.

ಯಾಣದ್ದು ಕಪ್ಪು ಸುಣ್ಣಕಲ್ಲು. ಮಳೆನೀರು ಕರಗಿಸಿ ಕರಗಿಸಿ ಅಂಚೆಲ್ಲ ಚೂಪು. ಮೇಲೆ ಹೆಜ್ಜೇನಿನ ತಟ್ಟಿಗಳು. ಹುಡುಗ ಅಂಗೈಯಿಟ್ಟು ಹಿಡಿತ ನೋಡುತ್ತಿದ್ದ.

'ತಮಾ, ಹತ್ತಡ. ಮೇಲೆ ಜೇನಿದ್ದು.'

'ನಿಂಗೆಂತ ಗೊತ್ತು ಅಜ್ಜ?'

ಆಗ ಬಾಯಿಬಿಟ್ಟ. ಮದುವೆಯ ಮುಂಚೆ ನಮ್ಮ ಬೆಟ್ಟದ ಬಂಡೆಗೆ ಬಳ್ಳಿ ಕಟ್ಟಿ ಜೇನಿಗಿಳಿದಿದ್ದನಂತೆ. ಬಳ್ಳಿ ಹರಿಯಿತು, ಮಂಡಿ ಹೋಯಿತು. ತೋಟದ ಸಂಕದಿಂದ ಜಾರಿದ್ದೆಂದೇ ನಾವೆಲ್ಲ ನಂಬಿದ್ದೆವು.

ಇಳಿಯುವಾಗ ಹುಡುಗ ಒಂದು ಮೆಟ್ಟಿಲು ಕೆಳಗೆ ನಿಂತು, ಯಾವ ಕಾಲಿಗೆ ಭಾರ ಬಿಡಬೇಕೆಂದು ಹೇಳಿಕೊಡುತ್ತಿದ್ದ. ಅಪ್ಪಯ್ಯ ತುಟಿಪಿಟಕ್ಕೆನ್ನದೆ ಕೇಳುತ್ತಿದ್ದ. ಆಯಿ ಮಾತ್ರ ಏನೂ ಕೇಳಿಸದವಳಂತೆ ಮುಂದೆ ನಡೆದಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತೋ ಏನೋ.