ಎಪ್ಪತ್ತರಲ್ಲಿ ಹೊಸ ಮೈದಾನ

ಪುಣೆಯಲ್ಲಿ ನಿವೃತ್ತಿಯಾದ ಮರುದಿನ ರೂಢಿಯಂತೆ ಐದೂವರೆಗೇ ಎದ್ದು ಕೂತೆ. ಹೋಗುವುದೆಲ್ಲಿಗೆ? ಆ ದಿನಗಳಲ್ಲೇ ಆಮೊಸ್ ಅಲೊಂಜೊ ಸ್ಟ್ಯಾಗ್ ಅವರ ಬಗ್ಗೆ ಓದಿದೆ.

1862ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದವರು. ಪಾದ್ರಿಯಾಗಲೆಂದು ಯೇಲ್ ಸೇರಿ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಸರಾಗಿ, 1889ರ ಮೊದಲ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು. 1892ರಿಂದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ತರಬೇತುದಾರರು. ಎಪ್ಪತ್ತು ತುಂಬಿದಾಗ ಕಡ್ಡಾಯ ನಿವೃತ್ತಿ. ಮೈದಾನವಿಲ್ಲದ ಬೇರೆ ಹುದ್ದೆ ಕೊಡುತ್ತೇವೆಂದರೆ, ಒಲ್ಲೆನೆಂದು ಕ್ಯಾಲಿಫೋರ್ನಿಯಾದ ಸಣ್ಣದೊಂದು ಕಾಲೇಜಿಗೆ ಹೊರಟರು. 1943ರಲ್ಲಿ, 81ರ ವಯಸ್ಸಿನಲ್ಲಿ, ವರ್ಷದ ತರಬೇತುದಾರರೆಂಬ ಗೌರವ! ಆಮೇಲೆ ಮಗನ ಜೊತೆಗೂ ತಂಡ ಕಟ್ಟಿದರು. 102 ವರ್ಷ ಬಾಳಿದರು.

ನನ್ನನ್ನು ತಟ್ಟಿದ್ದು ಪ್ರಶಸ್ತಿಯಲ್ಲ. ನಾಲ್ಕು ದಶಕ ಬಾಳಿದ ಊರು ಬಿಟ್ಟು, ಹೊಸ ಹುಡುಗರ ಹೆಸರು ಕಲಿಯಲು ಹೊರಟರಲ್ಲ, ಅದು. ನಾವು ಹೊರನಾಡಿಗರು ಇಪ್ಪತ್ತರ ಹರೆಯದಲ್ಲಿ ಹಾಗೆ ಹೊರಟವರೇ. ಇನ್ನೊಮ್ಮೆ ಎಂದರೆ ಮಾತ್ರ ಎದೆ ಅಳುಕುತ್ತದೆ.

ಈಗ ಭಾನುವಾರಗಳಂದು ಏಳು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ಶಾಲೆಯಲ್ಲಿ ಮರಾಠಿ ಓದುವ ಪುಟ್ಟಿಯೊಬ್ಬಳು ‘ಒಲೆ’ಯನ್ನೂ ‘ಓಲೆ’ ಎಂದೇ ಓದುತ್ತಾಳೆ. ಒಂದು ತಿಂಗಳಾಯಿತು, ತಿದ್ದುತ್ತಲೇ ಇದ್ದೇನೆ. ಅವಳೂ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಐದೂವರೆಗೆ ಏಳಲು ಈಗೊಂದು ಕಾರಣವಿದೆ.